ಎಂಟು ವಾದ್ಯ, ಎರಡು ಕಿವಿ: ‘ಫ್ರೀ ಜಾಝ್’ ಆಲ್ಬಂ ಕೇಳುವ ಬಗೆ

ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಂ ಹಾಕಿ ಎರಡು ಮೂರು ನಿಮಿಷಕ್ಕೇ ನಿಲ್ಲಿಸಿದವರು ಬಹಳ ಮಂದಿ. ಎಂಟು ವಾದ್ಯಗಳು ಒಟ್ಟಿಗೆ ಮೊಳಗುತ್ತವೆ. ಹಿಡಿದುಕೊಳ್ಳಲು ಪಲ್ಲವಿ ಇಲ್ಲ, ಆಧಾರ ಕೊಡಲು ಪಿಯಾನೊ ಇಲ್ಲ, ಒಬ್ಬರು ನುಡಿಸುತ್ತಿರುವಾಗ ಉಳಿದವರು ನಡುವೆ ಬಾಯಿ ಹಾಕುತ್ತಾರೆ. ‘ಇದೇನು ಗಲಾಟೆ’ ಎಂದು ಅನಿಸಿದರೆ ಅದು ಕೇಳುಗರ ತಪ್ಪಲ್ಲ. ಇದು ಗಲಾಟೆಯಲ್ಲ ಎಂದು ವಾದ ಮಾಡಿ ಒಪ್ಪಿಸುವುದೂ ಸಾಧ್ಯವಿಲ್ಲ. ಕೇಳಿಯೇ ತಿಳಿಯಬೇಕು, ಕೇಳುವುದಕ್ಕೊಂದು ಕ್ರಮ ಬೇಕು. ಆ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪಾಶ್ಚಾತ್ಯ ಸಂಗೀತದ ಪಾಠ ಬೇಕಿಲ್ಲ. ಒಂದು ಜೋಡಿ ಹೆಡ್‌ಫೋನ್ ಮತ್ತು ವಾರದಲ್ಲಿ ಮೂರು ನಾಲ್ಕು ಸಂಜೆ ಇದ್ದರೆ ಸಾಕು.

ಮೊದಲು ಈ ಧ್ವನಿಮುದ್ರಿಕೆ ಏನೆಂದು ತಿಳಿದುಕೊಳ್ಳೋಣ. 1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನ ಎ ಆಂಡ್ ಆರ್ ಸ್ಟುಡಿಯೊದಲ್ಲಿ ಆರ್ನೆಟ್ ಎಂಟು ಜನರನ್ನು ಸೇರಿಸಿದರು. ಎರಡು ಕ್ವಾರ್ಟೆಟ್, ಅಂದರೆ ನಾಲ್ಕು ನಾಲ್ಕು ಜನರ ಎರಡು ತಂಡ. ಎರಡೂ ತಂಡಗಳು ಒಂದೇ ಹೊತ್ತಿಗೆ ನುಡಿಸಿದವು. ಮುಂಚೆಯೇ ಬರೆದಿಟ್ಟಿದ್ದು ಕೆಲವು ಚಿಕ್ಕ ತುಣುಕುಗಳು ಮಾತ್ರ. ಉಳಿದದ್ದೆಲ್ಲ ಅಲ್ಲೇ, ಆ ಕ್ಷಣದಲ್ಲೇ ಹುಟ್ಟಿದ್ದು. ಸುಮಾರು 37 ನಿಮಿಷ, ಎಲ್ಲೂ ಕತ್ತರಿಸಿಲ್ಲ, ಮೇಲೆ ಏನನ್ನೂ ಸೇರಿಸಿಲ್ಲ. ಅಟ್ಲಾಂಟಿಕ್ ಸಂಸ್ಥೆ 1961ರಲ್ಲಿ ಅದನ್ನು ಹೊರತಂದಿತು. ಎಲ್‌ಪಿಯ ಒಂದು ಮಗ್ಗುಲಿಗೆ ಅಷ್ಟು ಹಿಡಿಸುವುದಿಲ್ಲವಾದ್ದರಿಂದ ಎರಡು ಮಗ್ಗುಲಿಗೆ ಹಂಚಬೇಕಾಯಿತು. ಹೊದಿಕೆಯಲ್ಲಿ ಒಂದು ಕಿಟಕಿ ಕೊರೆದು, ಅದರ ಮೂಲಕ ಚಿತ್ರಕಾರ ಜಾಕ್ಸನ್ ಪೊಲಾಕ್ ಅವರ ‘ವೈಟ್ ಲೈಟ್’ ಚಿತ್ರದ ಒಂದು ತುಂಡು ಕಾಣುವಂತೆ ಮಾಡಿದ್ದರು. ಹೊದಿಕೆ ಬಿಡಿಸಿದರೆ ಪೂರ್ತಿ ಚಿತ್ರ. ಈ ಆಲ್ಬಂನ ಹೆಸರೇ ಮುಂದೆ ಒಂದು ಇಡೀ ಸಂಗೀತ ಪ್ರಕಾರಕ್ಕೆ ಅಂಟಿಕೊಂಡಿತು.

ಮೊದಲನೆಯ ಕೆಲಸ: ಎಡಬಲ ಸರಿಮಾಡಿಕೊಳ್ಳಿ

ಇದನ್ನು ಬಿಟ್ಟರೆ ಮುಂದಿನ ಯಾವ ಹಂತವೂ ಕೈಗೂಡುವುದಿಲ್ಲ. ಧ್ವನಿಮುದ್ರಣ ಮಾಡಿದವರು ಒಂದು ತಂಡವನ್ನು ಎಡ ಚಾನಲ್‌ಗೆ, ಇನ್ನೊಂದನ್ನು ಬಲ ಚಾನಲ್‌ಗೆ ಇಟ್ಟಿದ್ದಾರೆ. ಸ್ಟೀರಿಯೊ ಆಗಿನ್ನೂ ಮನೆಮನೆಗೆ ಬರುತ್ತಿದ್ದ ಕಾಲ. ಅದನ್ನು ಬರೀ ಚಮತ್ಕಾರಕ್ಕೆ ಬಳಸದೆ ಸಂಗೀತದ ರಚನೆಗೇ ಬಳಸಿಕೊಂಡದ್ದು ಈ ಆಲ್ಬಂನ ದೊಡ್ಡ ಉಪಾಯ.

ಎಡಕ್ಕೆ: ಆಲ್ಟೊ ಸ್ಯಾಕ್ಸೋಫೋನ್‌ನಲ್ಲಿ ಆರ್ನೆಟ್ ಕೋಲ್ಮನ್, ಪಾಕೆಟ್ ಟ್ರಂಪೆಟ್‌ನಲ್ಲಿ (ಚಿಕ್ಕ ಗಾತ್ರದ ಟ್ರಂಪೆಟ್) ಡಾನ್ ಚೆರಿ, ಡಬಲ್ ಬಾಸ್‌ನಲ್ಲಿ (ನಿಂತು ನುಡಿಸುವ ದೊಡ್ಡ ತಂತಿವಾದ್ಯ) ಸ್ಕಾಟ್ ಲಫಾರೊ, ಡ್ರಮ್ಸ್‌ನಲ್ಲಿ ಬಿಲ್ಲಿ ಹಿಗ್ಗಿನ್ಸ್.

ಬಲಕ್ಕೆ: ಬಾಸ್ ಕ್ಲಾರಿನೆಟ್‌ನಲ್ಲಿ ಎರಿಕ್ ಡಾಲ್ಫಿ, ಟ್ರಂಪೆಟ್‌ನಲ್ಲಿ ಫ್ರೆಡ್ಡಿ ಹಬರ್ಡ್, ಡಬಲ್ ಬಾಸ್‌ನಲ್ಲಿ ಚಾರ್ಲಿ ಹೇಡನ್, ಡ್ರಮ್ಸ್‌ನಲ್ಲಿ ಎಡ್ ಬ್ಲ್ಯಾಕ್‌ವೆಲ್.

ಈ ಎರಡು ಸಾಲನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ಫೋನಿನ ಸ್ಪೀಕರಿನಲ್ಲೋ ಒಂಟಿ ಬ್ಲೂಟೂತ್ ಡಬ್ಬಿಯಲ್ಲೋ ಕೇಳಬೇಡಿ. ಅಲ್ಲಿ ಎಡಬಲ ಕಲೆತುಹೋಗಿ ಎಂಟೂ ವಾದ್ಯ ಒಂದೇ ಕಡೆಯಿಂದ ಬಂದಂತಾಗುತ್ತದೆ. ‘ಗಲಾಟೆ’ ಎಂಬ ದೂರಿಗೆ ಅರ್ಧ ಕಾರಣ ಇದೇ ಎಂದು ನನಗನ್ನಿಸುತ್ತದೆ. ಹೆಡ್‌ಫೋನಿನ ಮೇಲಿನ ಎಲ್ ಮತ್ತು ಆರ್ ಗುರುತು ನೋಡಿ ಹಾಕಿಕೊಳ್ಳಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ‘ಮೋನೊ ಆಡಿಯೊ’ ಆಫ್ ಆಗಿದೆಯೇ ಎಂದೂ ನೋಡಿ. ಅಲ್ಲೇ ಹತ್ತಿರದಲ್ಲಿ ಎಡಬಲದ ‘ಬ್ಯಾಲೆನ್ಸ್’ ಸರಿಹೊಂದಿಸುವ ಪಟ್ಟಿ ಇರುತ್ತದೆ. ಅದು ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಪರೀಕ್ಷೆ ಸುಲಭ. ಆರಂಭದ ಅಬ್ಬರ ಮುಗಿದು ಮೊದಲ ಸೋಲೊ, ಅಂದರೆ ಒಬ್ಬರು ಮುಂದೆ ನಿಂತು ನುಡಿಸುವ ಭಾಗ, ಶುರುವಾದಾಗ, ದಪ್ಪ ದನಿಯ, ಮೇಲೆ ಕೆಳಗೆ ಜಿಗಿಯುವ ಬಾಸ್ ಕ್ಲಾರಿನೆಟ್ ನಿಮ್ಮ ಬಲಗಿವಿಯಲ್ಲಿ ಕೇಳಿಸಬೇಕು.

ಎರಡನೆಯದು: ಐದು ನಿಮಿಷದ ತಯಾರಿ

ನೇರವಾಗಿ 37 ನಿಮಿಷಕ್ಕೆ ಇಳಿಯುವ ಮುನ್ನ ಇದೇ ಆರ್ನೆಟ್ ಒಂದೂವರೆ ವರ್ಷ ಮೊದಲು, 1959ರ ಮೇ ತಿಂಗಳಲ್ಲಿ ನುಡಿಸಿದ ‘ಲೋನ್ಲಿ ವುಮನ್’ ಕೇಳಿ. ‘ದ ಶೇಪ್ ಆಫ್ ಜಾಝ್ ಟು ಕಮ್’ ಆಲ್ಬಂನ ಮೊದಲ ಹಾಡು. ನಾಲ್ಕೇ ಜನ: ಆರ್ನೆಟ್, ಚೆರಿ, ಹೇಡನ್, ಹಿಗ್ಗಿನ್ಸ್. ಹಿಗ್ಗಿನ್ಸ್ ಸಿಂಬಲ್ (ಡ್ರಮ್ಸ್‌ನ ಲೋಹದ ತಟ್ಟೆ) ಮೇಲೆ ವೇಗವಾಗಿ ಹೋಗುತ್ತಿರುತ್ತಾರೆ. ಸ್ಯಾಕ್ಸೋಫೋನ್ ಮತ್ತು ಕಾರ್ನೆಟ್ (ಟ್ರಂಪೆಟ್ ಜಾತಿಯ ವಾದ್ಯ) ಆ ವೇಗಕ್ಕೆ ಸಂಬಂಧವೇ ಇಲ್ಲದಂತೆ ಒಂದು ಶೋಕದ ರಾಗವನ್ನು ನಿಧಾನವಾಗಿ ಎಳೆಯುತ್ತವೆ. ಎರಡು ಕಾಲಗಳು ಒಂದರ ಮೇಲೊಂದು ತೇಲುತ್ತವೆ. ಕೆಳಗಿನ ಓಟಕ್ಕೆ ಮೇಲಿನ ನಡೆ ಜೋತುಬೀಳಬೇಕಿಲ್ಲ ಎಂಬ ಈ ಒಂದು ಸಂಗತಿ ಕಿವಿಗೆ ಒಗ್ಗಿದರೆ ಸಾಕು, ದೊಡ್ಡ ಆಲ್ಬಂನ ಬಾಗಿಲು ಅರ್ಧ ತೆರೆದ ಹಾಗೆ.

ಇಲ್ಲಿ ಆರ್ನೆಟ್ ಅವರ ಬಗ್ಗೆ ಸ್ವಲ್ಪ ಹೇಳಬೇಕು. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ 1930ರಲ್ಲಿ ಹುಟ್ಟಿದವರು. ಜನ ಕುಣಿಯುವ ರಿದಮ್ ಆಂಡ್ ಬ್ಲೂಸ್ ಬ್ಯಾಂಡುಗಳಲ್ಲಿ ನುಡಿಸಿ ಬೆಳೆದವರು. ಲಾಸ್ ಏಂಜಲೀಸ್‌ನಲ್ಲಿ ಲಿಫ್ಟ್ ನಡೆಸುವ ಕೆಲಸ ಮಾಡಿಕೊಂಡು ಸಂಗೀತಶಾಸ್ತ್ರವನ್ನು ತಾವೇ ಓದಿಕೊಂಡವರು. ಬಿಳಿ ಪ್ಲಾಸ್ಟಿಕ್ ಸ್ಯಾಕ್ಸೋಫೋನ್‌ನಿಂದ ಹೆಸರಾದವರು. 1959ರ ನವೆಂಬರಿನಲ್ಲಿ ನ್ಯೂಯಾರ್ಕಿನ ಫೈವ್ ಸ್ಪಾಟ್ ಎಂಬ ಕ್ಲಬ್ಬಿಗೆ ಬಂದು ನುಡಿಸಿದಾಗ ಊರೇ ಎರಡು ಪಾಳಯವಾಯಿತು. ಕೆಲವರು ಮಹಾಪ್ರತಿಭೆ ಎಂದರು, ಕೆಲವರು ನುಡಿಸಲು ಬಾರದವನು ಎಂದರು. ಆ ದನಿಯಲ್ಲಿ ಬ್ಲೂಸಿನ ಅಳು ಯಾವತ್ತೂ ಹೋಗಲಿಲ್ಲ. ‘ಫ್ರೀ ಜಾಝ್’ನ ಅತ್ಯಂತ ದಟ್ಟವಾದ ಕ್ಷಣದಲ್ಲೂ ಅದು ಕೇಳಿಸುತ್ತದೆ. ಆರ್ನೆಟ್ ಅವರನ್ನು ಬರೀ ಬುದ್ಧಿಯ ಸಂಗೀತಗಾರ ಎಂದುಕೊಂಡು ಕೇಳಲು ಕೂತರೆ ಕೈಗೆ ಸಿಗುವುದಿಲ್ಲ.

ಮೂರನೆಯದು: ಮೊದಲ ಸಲ ಕೇಳುವಾಗ ಲಯ ಒಂದನ್ನೇ ಹಿಡಿಯಿರಿ

ಈಗ ಆಲ್ಬಂ ಹಾಕಿ. ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಶಬ್ದ ತೀರಾ ಜೋರು ಬೇಡ, ಎರಡು ಡ್ರಮ್ಮುಗಳ ಸಿಂಬಲ್ ಕಿವಿಗೆ ಬೇಗ ದಣಿವು ತರುತ್ತದೆ.

ಆರಂಭದಲ್ಲಿ ಕೆಲವು ಸೆಕೆಂಡು ಎಲ್ಲರೂ ಒಟ್ಟಿಗೆ ಚೆಲ್ಲಾಡುತ್ತಾರೆ. ಅದನ್ನು ಬಿಡಿಸಲು ಹೋಗಬೇಡಿ. ಅದಾದ ಕೂಡಲೇ ಕೆಳಗೆ ಒಂದು ನಡೆ ಶುರುವಾಗುತ್ತದೆ. ಕಾಲಿನಲ್ಲಿ ತಟ್ಟಿ ನೋಡಿ. ತಟ್ಟಬಹುದು! ಹೆಸರು ‘ಫ್ರೀ’ ಎಂದಿದ್ದರೂ ಇಲ್ಲಿ ಲಯ ಬಿಡಿಯಾಗಿಲ್ಲ. ಜಾಝಿನ ಸ್ವಿಂಗ್ ನಡೆ ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತದೆ. ನಮ್ಮ ಕಿವಿಗೆ ತೊಡಕಾಗುವುದು ಬೇರೆ ಕಡೆ. ತಾಳದ ಆವರ್ತನಕ್ಕೆ ಒಗ್ಗಿದವರು ಸಮಕ್ಕಾಗಿ ಕಾಯುತ್ತಾರೆ, ಅದು ಬರುವುದೇ ಇಲ್ಲ. ಮಿಡಿತ ಇದೆ, ಆವರ್ತನ ಇಲ್ಲ. ಹಾಗೆಯೇ ಸಾಮಾನ್ಯ ಜಾಝಿನಲ್ಲಿ ಹಲವು ಸಲ ಮೂವತ್ತೆರಡು ಅಳತೆಗೊಮ್ಮೆ (ಬಾರ್) ತಿರುಗಿ ಬರುವ ಕಾರ್ಡುಗಳ, ಅಂದರೆ ಒಟ್ಟಿಗೆ ಮೊಳಗುವ ಸ್ವರಗಳ ಗುಂಪುಗಳ, ಸರಣಿ ಇರುತ್ತದೆ, ಸೋಲೊ ನುಡಿಸುವವರು ಅದರೊಳಗೇ ಹೆಣೆಯುತ್ತಾರೆ. ಇಲ್ಲಿ ಆ ಸರಣಿಯನ್ನೂ ತೆಗೆದುಹಾಕಿದ್ದಾರೆ. ಪಿಯಾನೊ ಇಲ್ಲದ್ದು ಅದಕ್ಕೇ. ಕಾರ್ಡ್ ಒತ್ತುವವರು ಇದ್ದರೆ ಎಲ್ಲರೂ ಆ ಕಾರ್ಡಿನ ಮಾತು ಕೇಳಬೇಕಾಗುತ್ತಿತ್ತು. ಈಗ ಕೇಳಬೇಕಾದದ್ದು ಪಕ್ಕದವರ ಮಾತನ್ನು.

ಹಾಗಾದರೆ ಸಂಗೀತವನ್ನು ಹಿಡಿದು ನಿಲ್ಲಿಸಿರುವುದು ಯಾವುದು? ಈ ಆಲ್ಬಂ ಕುರಿತು ನಾನು ಹೇಳಬೇಕೆಂದಿರುವುದು ಇದೊಂದೇ: ಇಲ್ಲಿ ರಾಗದ ಚೌಕಟ್ಟಿನ ಜಾಗದಲ್ಲಿ, ಕಾರ್ಡಿನ ಜಾಗದಲ್ಲಿ ಕೂತಿರುವುದು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಕ್ರಿಯೆ. ಎಂಟು ಜನ ನುಡಿಸುವುದನ್ನಷ್ಟೇ ಕೇಳಿದರೆ ಅರ್ಧ ಕೇಳಿದಂತೆ. ಅವರು ಕೇಳಿಸಿಕೊಳ್ಳುವುದನ್ನು ನಾವು ಕೇಳಬೇಕು. ಮುಂದಿನ ಹಂತಗಳೆಲ್ಲ ಅದಕ್ಕಾಗಿಯೇ.

ಮೊದಲ ಸಲ ಕಾಲು ತಟ್ಟುತ್ತಾ ಎಷ್ಟು ದೂರ ಹೋಗುತ್ತೀರೋ ಅಷ್ಟು ಹೋಗಿ. ಹದಿನೈದು ನಿಮಿಷಕ್ಕೆ ತಲೆ ತುಂಬಿತೆನಿಸಿದರೆ ನಿಲ್ಲಿಸಿ, ಮಾರನೆಯ ದಿನ ಮತ್ತೆ ಮೊದಲಿನಿಂದ ಹಾಕಿ.

ನಾಲ್ಕನೆಯದು: ಎರಡನೇ ಸಲಕ್ಕೆ ಮೈಲಿಗಲ್ಲುಗಳು

ಯಾರ ನಂತರ ಯಾರು ಎಂಬ ಸರದಿ ಇಲ್ಲಿ ನಿಗದಿಯಾಗಿದೆ. ಗಡಿಯಾರ ನೋಡಿಕೊಂಡು ಕೇಳಬಹುದು. ಡಾಲ್ಫಿ ಸುಮಾರು ಐದನೇ ನಿಮಿಷದವರೆಗೆ. ಹಬರ್ಡ್ ಹತ್ತನೇ ನಿಮಿಷದ ಹೊತ್ತಿಗೆ ಮುಗಿಸುತ್ತಾರೆ. ಅಲ್ಲಿಂದ ಆರ್ನೆಟ್, ಎಲ್ಲರಿಗಿಂತ ಉದ್ದ, ಹತ್ತು ನಿಮಿಷಕ್ಕೂ ಹೆಚ್ಚೇ ಇರಬಹುದು. ಆಮೇಲೆ ಚೆರಿ, ಇಪ್ಪತ್ತೈದನೇ ನಿಮಿಷದ ಸುಮಾರಿಗೆ ಅವರದ್ದು ಮುಗಿಯುತ್ತದೆ. ನಂತರ ಹೇಡನ್, ಅವರ ಬೆನ್ನಿಗೆ ಲಫಾರೊ, ಇಬ್ಬರದ್ದೂ ನಾಲ್ಕು ನಾಲ್ಕೂವರೆ ನಿಮಿಷ. ಕೊನೆಗೆ ಡ್ರಮ್ಸ್: ಮೊದಲು ಬ್ಲ್ಯಾಕ್‌ವೆಲ್, ಆಮೇಲೆ ಹಿಗ್ಗಿನ್ಸ್.

ಒಬ್ಬರ ಸರದಿಯಿಂದ ಇನ್ನೊಬ್ಬರ ಸರದಿಗೆ ದಾಟುವಾಗ ಮುಂಚೆ ಬರೆದಿಟ್ಟ ತುಣುಕು ಬರುತ್ತದೆ. ಕೆಲವು ಕಡೆ ನಾಲ್ಕೂ ಊದುವ ವಾದ್ಯಗಳು ಉದ್ದುದ್ದ ಸ್ವರ ಹಿಡಿದು ನಿಲ್ಲುತ್ತವೆ. ಒಬ್ಬೊಬ್ಬರದ್ದೂ ಬೇರೆ ಸ್ವರ, ಆದರೂ ಒಂದೇ ಗೆರೆ ಎಳೆದಂತೆ ಕೇಳಿಸುತ್ತದೆ. ಆರ್ನೆಟ್ ಇದನ್ನು ‘ಹಾರ್ಮೋನಿಕ್ ಯೂನಿಸನ್’ ಎಂದು ಕರೆಯುತ್ತಿದ್ದರು. ಈ ತುಣುಕುಗಳು ನಿಮ್ಮ ಮೈಲಿಗಲ್ಲು. ದಾರಿ ತಪ್ಪಿದೆವು ಅನ್ನಿಸಿದಾಗ ಸುಮ್ಮನೆ ಕಾಯಿರಿ, ಮುಂದಿನದು ಬಂದೇ ಬರುತ್ತದೆ.

ಅವುಗಳಲ್ಲಿ ಒಂದನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ: ಆರ್ನೆಟ್ ಸೋಲೊ ಶುರುವಾಗುವ ಮೊದಲು ಬರುವುದು. ಇಡೀ ಆಲ್ಬಂನಲ್ಲಿ ಗುನುಗಲು ಬರುವ ಧಾಟಿ ಎಂದರೆ ಅದು. ಎರಡು ಮೂರು ಸಲ ಹಿಂದಕ್ಕೆ ಹೋಗಿ ಕೇಳಿ, ಜೊತೆಗೆ ಗುನುಗಿ. ಯಾಕೆಂದರೆ ಮುಂದಿನ ಹತ್ತು ನಿಮಿಷದಲ್ಲಿ ಆರ್ನೆಟ್ ಒಂದು ಚೂರು ಸ್ವರಗುಚ್ಛವನ್ನು ಎಸೆದರೆ ಊದುವ ಉಳಿದ ಮೂವರಲ್ಲಿ ಯಾರೋ ಒಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ, ತಿರುಗಿಸಿ ಹೇಳುತ್ತಾರೆ, ಇನ್ನೊಬ್ಬರು ಅದನ್ನೇ ಉದ್ದ ಮಾಡುತ್ತಾರೆ. ನೋಡನೋಡುತ್ತಿದ್ದಂತೆ ಅದು ಹಿನ್ನೆಲೆಯಲ್ಲಿ ಎಲ್ಲರೂ ಸೇರಿ ನುಡಿಸುವ ಆವರ್ತಕ ನುಡಿಗಟ್ಟಾಗುತ್ತದೆ, ಆರ್ನೆಟ್ ಅದರ ಮೇಲೆ ಹತ್ತಿ ಹೊಸದೊಂದನ್ನು ಎಸೆಯುತ್ತಾರೆ. ಯಾರೂ ಬರೆದುಕೊಟ್ಟದ್ದಲ್ಲ, ಯಾರೂ ಕೈಸನ್ನೆ ಮಾಡಿದ್ದೂ ಅಲ್ಲ. ಕಿವಿಯಿಂದ ಕಿವಿಗೆ ದಾಟಿದ್ದು. ಇದು ಒಂದು ಸಲ ಹಿಡಿತಕ್ಕೆ ಸಿಕ್ಕಿದರೆ ಆಮೇಲೆ ಕೇಳಿಸದೆ ಇರಲು ಸಾಧ್ಯವೇ ಇಲ್ಲ.

ಆಲ್ಟೊ ಸ್ಯಾಕ್ಸೋಫೋನಿನ ದನಿ ಕನ್ನಡಿಗರಿಗೆ ಹೊಸದಲ್ಲ. ಕದ್ರಿ ಗೋಪಾಲನಾಥರಿಂದಾಗಿ ಆ ವಾದ್ಯದಲ್ಲಿ ಗಮಕ ಕೇಳಿದವರು ನಾವು. ಕರಾವಳಿಯ ದೇವಸ್ಥಾನ, ಮದುವೆಗಳಲ್ಲಿ ಅದು ಮನೆಯ ವಾದ್ಯವೇ ಆಗಿದೆ. ಆ ಕಿವಿಯಿಂದ ಆರ್ನೆಟ್ ಕೇಳಿದರೆ ಒಂದು ಲಾಭವಿದೆ. ಅವರು ಸ್ವರವನ್ನು ಪಿಯಾನೊದ ಮನೆಗಳಲ್ಲಿ ನಿಲ್ಲಿಸುವುದಿಲ್ಲ. ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ, ಅಳುವಿಗೆ ಬೇಕಾದಲ್ಲಿ ಎಳೆಯುತ್ತಾರೆ. ಅಂದಿನ ಅಮೆರಿಕದ ಎಷ್ಟೋ ಕೇಳುಗರಿಗೆ ಅದು ಅಪಸ್ವರವಾಗಿ ಕೇಳಿಸಿತು. ಸ್ವರಗಳ ನಡುವಿನ ಎಳೆತಕ್ಕೆ ಒಗ್ಗಿದ ನಮಗೆ ಹಾಗನ್ನಿಸಲು ಕಾರಣ ಕಡಿಮೆ.

ಐದನೆಯದು: ಒಂದು ಕಿವಿ ಮುಚ್ಚಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಮಾಡುವಿರಾದರೆ ಇದನ್ನು ಮಾಡಿ.

ಬ್ಯಾಲೆನ್ಸ್ ಪಟ್ಟಿಯನ್ನು ಪೂರ್ತಿ ಎಡಕ್ಕೆ ತಳ್ಳಿ. ಅದು ಸಿಗದಿದ್ದರೆ ಬಲಗಿವಿಯ ಇಯರ್‌ಫೋನ್ ತೆಗೆದಿಡಿ. ಐದನೇ ನಿಮಿಷದಿಂದ ಹತ್ತನೇ ನಿಮಿಷದವರೆಗಿನ ಭಾಗ ಹಾಕಿ. ಅಲ್ಲಿ ಸೋಲೊ ಹಬರ್ಡ್ ಅವರದ್ದು, ಅವರಿರುವುದು ಬಲಕ್ಕೆ. ಅಂದರೆ ಈಗ ಮಾತಾಡುವವರನ್ನು ತೆಗೆದಿದ್ದೀರಿ, ಅವರ ಮಾತು ಕೇಳಿಸಿಕೊಳ್ಳುತ್ತಿರುವವರು ಮಾತ್ರ ಉಳಿದಿದ್ದಾರೆ. ಒಂದೇ ಕೋಣೆಯಲ್ಲಿ ನುಡಿಸಿದ್ದರಿಂದ ಹಬರ್ಡ್ ದನಿ ಮಸುಕಾಗಿ ಕೇಳಿಸಿದರೂ ಚಿಂತೆಯಿಲ್ಲ. ಆರ್ನೆಟ್ ಮತ್ತು ಚೆರಿ ಎಷ್ಟು ಹೊತ್ತು ಸುಮ್ಮನಿರುತ್ತಾರೆ, ಯಾವಾಗ ಒಂದು ತುಂಡು ನುಡಿಸಿ ಹಿಂದೆ ಸರಿಯುತ್ತಾರೆ ಎಂದು ಗಮನಿಸಿ. ನಂತರ ಪಟ್ಟಿಯನ್ನು ಮಧ್ಯಕ್ಕೆ ತಂದು ಅದೇ ಐದು ನಿಮಿಷವನ್ನು ಮತ್ತೆ ಕೇಳಿ. ಮೊದಲು ಅಡ್ಡಬಾಯಿ ಹಾಕಿದಂತೆ ಕೇಳಿಸಿದ್ದು ಈಗ ಉತ್ತರವಾಗಿ ಕೇಳಿಸುತ್ತದೆ.

ಈ ಪ್ರಯೋಗಕ್ಕೆ ಹಬರ್ಡ್ ಭಾಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಆಗ ಅವರಿಗೆ 22 ವರ್ಷ. ಎಂಟು ಜನರಲ್ಲಿ ಎಲ್ಲರಿಗಿಂತ ಚಿಕ್ಕವರು, ಹಾರ್ಡ್ ಬಾಪ್ ಎಂಬ ಕಟ್ಟುನಿಟ್ಟಾದ ಜಾಝ್ ಸಂಪ್ರದಾಯದಿಂದ ಬಂದವರು. ಕಾರ್ಡುಗಳಿಲ್ಲದ ಈ ಬಯಲಿನಲ್ಲೂ ಅವರ ಬೆರಳು ಕಲಿತ ಸಾಲುಗಳನ್ನೇ ನೇಯುತ್ತವೆ, ಹೊಳಪಾಗಿ, ಚುರುಕಾಗಿ. ಅವರು ಇಲ್ಲಿ ಹೊಂದುವುದಿಲ್ಲ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎಂಟು ಜನರೂ ಆರ್ನೆಟ್ ಹಾಗೇ ಯೋಚಿಸುವವರಾಗಿದ್ದರೆ ಈ ಸಂವಾದಕ್ಕೆ ರುಚಿ ಎಲ್ಲಿರುತ್ತಿತ್ತು? ಹಬರ್ಡ್ ಒಂದು ನೇರ ಮಾತು ಹೇಳುತ್ತಾರೆ, ಎಡಗಡೆಯವರು ಅದನ್ನು ಸೊಟ್ಟ ಮಾಡಿ ವಾಪಸ್ಸು ಕೊಡುತ್ತಾರೆ, ಆಗ ಹಬರ್ಡ್ ತಾವೂ ಸ್ವಲ್ಪ ದಾರಿ ಬದಲಿಸುತ್ತಾರೆ. ಆ ಬದಲಾವಣೆ ಕೇಳಿಸುವ ಕ್ಷಣ ಬಹಳ ಚೆನ್ನಾಗಿದೆ.

ಇದಾದ ಮೇಲೆ ಪಟ್ಟಿಯನ್ನು ಬಲಕ್ಕೆ ತಳ್ಳಿ ಆರ್ನೆಟ್ ಭಾಗ ಕೇಳಿ. ಡಾಲ್ಫಿ ಹಿನ್ನೆಲೆಯಲ್ಲಿ ಏನೆಲ್ಲ ಮಾಡುತ್ತಾರೆ ಎಂಬುದು ಆಗ ಗೊತ್ತಾಗುತ್ತದೆ. ಬಾಸ್ ಕ್ಲಾರಿನೆಟ್‌ನಲ್ಲಿ ನಗು, ಗೊಣಗಾಟ, ಉದ್ಗಾರ ಎಲ್ಲ ಇದೆ. ಡಾಲ್ಫಿ ಅದೇ ಡಿಸೆಂಬರ್ 21ರಂದು ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ತಮ್ಮದೇ ‘ಫಾರ್ ಕ್ರೈ’ ಆಲ್ಬಮನ್ನೂ ಧ್ವನಿಮುದ್ರಿಸಿದರು. ಒಂದೇ ದಿನ ಎರಡು, ಅದೂ ಒಂದಕ್ಕೊಂದು ಹೋಲದ ಎರಡು. 1964ರಲ್ಲಿ, 36ನೇ ವಯಸ್ಸಿಗೇ, ಬರ್ಲಿನ್‌ನಲ್ಲಿ ತೀರಿಕೊಂಡರು.

ಆರನೆಯದು: ಬಾಸ್‌ಗಳಿಗೆ ಒಂದು ಸಂಜೆ ಮೀಸಲಿಡಿ

ಇಪ್ಪತ್ತೈದನೇ ನಿಮಿಷಕ್ಕೆ ಹೋಗಿ. ಊದುವ ವಾದ್ಯಗಳ ಸದ್ದು ಕಡಿಮೆಯಾಗಿ ಎರಡು ಡಬಲ್ ಬಾಸ್ ಮುಂದೆ ಬರುತ್ತವೆ. ಹಲವರು ಇಲ್ಲಿ ಮುಂದಕ್ಕೆ ಓಡಿಸುತ್ತಾರೆ. ನನ್ನ ಮಟ್ಟಿಗೆ ಇಡೀ ಆಲ್ಬಂನ ಶಿಖರ ಇದೇ.

ಬಲಗಿವಿಯಲ್ಲಿ ಚಾರ್ಲಿ ಹೇಡನ್. ಅಯೋವಾ ರಾಜ್ಯದಲ್ಲಿ ಹುಟ್ಟಿ, ಬಾಲ್ಯದಲ್ಲಿ ಮನೆಯವರೊಂದಿಗೆ ರೇಡಿಯೊದಲ್ಲಿ ಹಳ್ಳಿಹಾಡು ಹಾಡುತ್ತಿದ್ದವರು. ದಪ್ಪ, ಗುಂಡಾದ ನಾದ. ಕೆಳಗಿನ ಸ್ವರಗಳನ್ನು ಬಿಟ್ಟು ಮೇಲೆ ಹೋಗುವ ಆತುರವಿಲ್ಲ. ಒಂದು ಸ್ವರವನ್ನು ಪೂರ್ತಿ ಮೊಳಗಲು ಬಿಟ್ಟು ಆಮೇಲೆ ಮುಂದಿನದಕ್ಕೆ ಹೋಗುತ್ತಾರೆ. ಎಡಗಿವಿಯಲ್ಲಿ ಸ್ಕಾಟ್ ಲಫಾರೊ. ಅದೇ ವಾದ್ಯವನ್ನು ಗಿಟಾರಿನಷ್ಟು ಹಗುರಾಗಿ, ಮೇಲಿನ ಸ್ಥಾಯಿಯಲ್ಲಿ, ಬೆರಳಿನ ವೇಗದಲ್ಲಿ ನುಡಿಸುವವರು. ಹೇಡನ್ ಸರದಿಯಲ್ಲಿ ಲಫಾರೊ ಸುತ್ತ ಹೆಣೆಯುತ್ತಾರೆ, ಲಫಾರೊ ಸರದಿಯಲ್ಲಿ ಹೇಡನ್ ನೆಲವಾಗುತ್ತಾರೆ.

ಫೋನಿನ ಶಬ್ದ ಸ್ವಲ್ಪ ಏರಿಸಿ, ಬಾಸ್ ಹೆಚ್ಚಿಸುವ ಈಕ್ವಲೈಸರ್ ಇದ್ದರೆ ಅದನ್ನು ತೆಗೆಯಿರಿ. ಅದು ಎರಡನ್ನೂ ಒಂದೇ ಗುಂಯ್‌ಗುಡುವಿಕೆ ಮಾಡಿಬಿಡುತ್ತದೆ. ಮೊದಲ ಸಲ ಎಡಕ್ಕಷ್ಟೇ ಗಮನ, ಎರಡನೇ ಸಲ ಬಲಕ್ಕಷ್ಟೇ, ಮೂರನೇ ಸಲ ಎರಡಕ್ಕೂ. ಲಫಾರೊ ಮುಂದಿನ ವರ್ಷ ಜೂನ್ 25ರಂದು ಪಿಯಾನೊ ವಾದಕ ಬಿಲ್ ಇವಾನ್ಸ್ ಜೊತೆ ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದರು. ಜುಲೈ 6ರಂದು ಕಾರು ಅಪಘಾತದಲ್ಲಿ ತೀರಿಕೊಂಡರು. ವಯಸ್ಸು 25. ‘ಫ್ರೀ ಜಾಝ್’ನ ಎಡ ಚಾನಲ್‌ನಲ್ಲಿರುವುದು ಅವರ ಕೊನೆಯ ವರ್ಷದ ನುಡಿಕೆ.

ಡ್ರಮ್ಸ್ ಭಾಗಕ್ಕೆ ನಮ್ಮ ಕೇಳುಗರಿಗೆ ಪೀಠಿಕೆ ಬೇಕಿಲ್ಲ. ಮೃದಂಗ, ಘಟಗಳ ತನಿ ಆವರ್ತನ ಕೇಳಿದ ಕಿವಿ ಇಲ್ಲಿ ತಾನೇ ದಾರಿ ಕಂಡುಕೊಳ್ಳುತ್ತದೆ. ಆದರೆ ಲೆಕ್ಕಾಚಾರದ ಮುಕ್ತಾಯವನ್ನು ನಿರೀಕ್ಷಿಸಬೇಡಿ. ಬಲಗಡೆಯ ಬ್ಲ್ಯಾಕ್‌ವೆಲ್ ನ್ಯೂ ಆರ್ಲಿಯನ್ಸ್‌ನವರು, ಆ ಊರಿನ ಬೀದಿ ಮೆರವಣಿಗೆಯ ಬಡಿತ ಅವರ ಕೈಯಲ್ಲಿದೆ, ಡ್ರಮ್ಮುಗಳನ್ನು ಶ್ರುತಿ ಮಾಡಿ ಹಾಡಿಸುವಂತೆ ಬಾರಿಸುತ್ತಾರೆ. ಎಡಗಡೆಯ ಹಿಗ್ಗಿನ್ಸ್ ಹಗುರ, ಸಿಂಬಲ್ ಮೇಲೆ ಹೆಚ್ಚು ವಾಸ.

ಇಷ್ಟಾದರೂ ಹಿಡಿಸದಿದ್ದರೆ

ಬಲವಂತ ಮಾಡಿಕೊಳ್ಳಬೇಡಿ. 1962ರ ಜನವರಿ 18ರ ಸಂಚಿಕೆಯಲ್ಲಿ ಅಮೆರಿಕದ ಜಾಝ್ ಪತ್ರಿಕೆ ‘ಡೌನ್ ಬೀಟ್’ ಈ ಆಲ್ಬಂಗೆ ಎರಡು ವಿಮರ್ಶೆ ಪ್ರಕಟಿಸಿತು. ಪೀಟ್ ವೆಲ್ಡಿಂಗ್ ಐದಕ್ಕೆ ಐದು ನಕ್ಷತ್ರ ಕೊಟ್ಟರು. ಜಾನ್ ಟೈನನ್ ಒಂದನ್ನೂ ಕೊಡಲಿಲ್ಲ. ಇಬ್ಬರೂ ಜಾಝ್ ಬಲ್ಲವರೇ. ಅರವತ್ತಕ್ಕೂ ಹೆಚ್ಚು ವರ್ಷ ಕಳೆದರೂ ಆ ಜಗಳ ಮುಗಿದಿಲ್ಲ, ನೀವು ಟೈನನ್ ಪಕ್ಕ ನಿಂತರೆ ಅವಮಾನವೇನಿಲ್ಲ. ನನ್ನದೊಂದೇ ಕೋರಿಕೆ: ಒಂದು ಕಿವಿ ಮುಚ್ಚಿ ಕೇಳುವ ಹಂತ ಮುಗಿಸದೆ ತೀರ್ಪು ಕೊಡಬೇಡಿ.

37 ನಿಮಿಷ ಭಾರವೆನಿಸಿದರೆ ಇನ್ನೊಂದು ದಾರಿಯಿದೆ. ಅದೇ ದಿನ ಅದೇ ಎಂಟು ಜನ ಮೊದಲು ಒಂದು ಸಲ ನುಡಿಸಿ ನೋಡಿದ್ದರು, ಸುಮಾರು 17 ನಿಮಿಷ. ‘ಫಸ್ಟ್ ಟೇಕ್’ ಎಂಬ ಹೆಸರಿನಲ್ಲಿ ಅದು 1971ರ ‘ಟ್ವಿನ್ಸ್’ ಆಲ್ಬಂನಲ್ಲಿ ಹೊರಬಂತು. ಸಿ.ಡಿ. ಆವೃತ್ತಿಗಳಲ್ಲಿ ‘ಫ್ರೀ ಜಾಝ್’ ಬೆನ್ನಿಗೇ ಅದನ್ನು ಸೇರಿಸಿದ್ದಾರೆ. ರಚನೆ ಅದೇ, ಎಲ್ಲವೂ ಚಿಕ್ಕದು. ಎರಡನ್ನೂ ಕೇಳಿದವರಿಗೆ ಒಂದು ವಿಷಯ ತಾನಾಗಿ ಗೊತ್ತಾಗುತ್ತದೆ: ಎರಡರಲ್ಲೂ ಇರುವುದು ಬರೆದಿಟ್ಟದ್ದು, ಬದಲಾದದ್ದು ಆ ಕ್ಷಣದ್ದು. ಪುಸ್ತಕ ಓದಿ ತಿಳಿಯುವುದಕ್ಕಿಂತ ಇದು ಎಷ್ಟೋ ಖಚಿತ.

ಏಳನೆಯದು: ಇಲ್ಲಿಂದ ಮುಂದಕ್ಕೆ

ಹಿಡಿಸಿದವರು ಮುಂದೆ ಕೇಳಬೇಕಾದ್ದು ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಅಸೆನ್ಶನ್’. 1965ರ ಜೂನ್ 28ರಂದು ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ಹನ್ನೊಂದು ಜನ ಸೇರಿ ಮಾಡಿದ್ದು, ಸುಮಾರು 40 ನಿಮಿಷ. ಹಬರ್ಡ್ ಅಲ್ಲೂ ಇದ್ದಾರೆ. ಆದರೆ ಎರಡರ ಸ್ವಭಾವ ಬೇರೆ. ಆರ್ನೆಟ್ ಆಲ್ಬಂನಲ್ಲಿ ಸೋಲೊ ನಡೆಯುವಾಗಲೂ ಉಳಿದ ಊದುವವರು ಮಾತು ಸೇರಿಸುತ್ತಾರೆ. ಕೋಲ್ಟ್ರೇನ್ ಅಲ್ಲಿ ಸೋಲೊ ಮತ್ತು ಸಮೂಹವನ್ನು ಬೇರೆ ಮಾಡಿದ್ದಾರೆ: ಒಬ್ಬರು ನುಡಿಸುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಉಕ್ಕುತ್ತಾರೆ, ಮತ್ತೆ ಒಬ್ಬರು. ಮಕಾಯ್ ಟೈನರ್ ಅವರ ಪಿಯಾನೊ ಇದೆ. ಇಲ್ಲಿಯ ಸಂವಾದಕ್ಕೆ ಅಲ್ಲಿ ಪ್ರಾರ್ಥನೆಯ ಕಾವು ಬಂದಿದೆ. ಅದಕ್ಕೂ ಎರಡು ಟೇಕ್, ಅಂದರೆ ಎರಡು ಸಲ ನುಡಿಸಿದ ಮುದ್ರಣ, ಇವೆ, ಕೆಲವು ಪ್ರತಿಗಳಲ್ಲಿ ಒಂದು, ಕೆಲವದರಲ್ಲಿ ಇನ್ನೊಂದು, ಸಿ.ಡಿ.ಯಲ್ಲಿ ಎರಡೂ. ಅದನ್ನು ಸ್ಪೀಕರಿನಲ್ಲಿ, ಸ್ವಲ್ಪ ಜೋರಾಗಿ ಕೇಳುವುದೇ ಮೇಲು. ಹೆಡ್‌ಫೋನಿನ ಪ್ರಯೋಗ ಅಲ್ಲಿ ನಡೆಯುವುದಿಲ್ಲ.

ಆಲ್ಟೊ ದನಿಯ ಜಾಡು ಹಿಡಿದು ಹೋಗುವವರಿಗೆ ಇನ್ನೊಂದು: 2008ರ ‘ಕಿನ್ಸ್‌ಮೆನ್’. ಅಮೆರಿಕದ ಆಲ್ಟೊ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಕದ್ರಿ ಗೋಪಾಲನಾಥರು ನುಡಿಸಿದ್ದಾರೆ. ಅದು ಫ್ರೀ ಜಾಝ್ ಅಲ್ಲ. ಎರಡು ಮನೋಧರ್ಮಗಳು ಒಂದೇ ವಾದ್ಯದಲ್ಲಿ ಎದುರು ಬದುರು ನಿಂತಾಗ ಏನಾಗುತ್ತದೆ ಎಂಬುದಕ್ಕೆ ಕೇಳಿ.

ಕೊನೆಯದು: ನೀವೇ ನುಡಿಸುವವರಾದರೆ

ವಾದ್ಯ ಯಾವುದಾದರೂ ಆಗಲಿ, ನಾಲ್ಕು ಜನ ಸಾಕು. ಪಿಟೀಲು, ಕೊಳಲು, ಕೀಬೋರ್ಡಿನ ಒಂದೇ ಕೈ, ಒಂದು ತಾಳವಾದ್ಯ. ಮೊದಲು ಹತ್ತು ಸೆಕೆಂಡಿನ ಒಂದು ಧಾಟಿಯನ್ನು ಎಲ್ಲರೂ ಕಲಿತುಕೊಳ್ಳಿ. ಸರದಿ ನಿಗದಿ ಮಾಡಿ, ಒಬ್ಬೊಬ್ಬರಿಗೆ ಎರಡು ನಿಮಿಷ. ತಾಳವಾದ್ಯದವರು ಒಂದೇ ವೇಗದ ಮಿಡಿತ ಇಟ್ಟುಕೊಳ್ಳಲಿ, ಆವರ್ತನ ಕಟ್ಟುವುದು ಬೇಡ. ಸರದಿ ಬದಲಾಗುವಾಗ ಆ ಧಾಟಿಯನ್ನು ಒಟ್ಟಿಗೆ ನುಡಿಸಿ.

ನಿಯಮ ಒಂದೇ. ನಿಮ್ಮ ಸರದಿ ಇಲ್ಲದಾಗ ನೀವು ನುಡಿಸುವ ಪ್ರತಿಯೊಂದು ತುಂಡೂ ಸರದಿಯವರು ಆಗಷ್ಟೇ ನುಡಿಸಿದ್ದರಿಂದ ಎತ್ತಿಕೊಂಡದ್ದಾಗಿರಬೇಕು: ಅವರ ಮೂರು ಸ್ವರ, ಅವರ ಲಯದ ಒಂದು ತಿರುವು, ಅವರು ಬಿಟ್ಟ ಮೌನದ ಅಳತೆ, ಏನಾದರೂ ಸರಿ. ಎತ್ತಿಕೊಳ್ಳಲು ಏನೂ ಸಿಗದಿದ್ದರೆ ಸುಮ್ಮನಿರಿ. ರಾಗಕ್ಕೆ ಒಗ್ಗಿದವರ ಕೈ ಹತ್ತಿರದ ರಾಗವೊಂದಕ್ಕೆ ಜಾರುತ್ತದೆ, ಜಾರಲಿ. ಉಳಿದವರು ಅದನ್ನು ಹೇಗೆ ಎದುರುಗೊಳ್ಳುತ್ತಾರೆ ಎಂಬುದೇ ಆ ದಿನದ ಪಾಠ.

ಎರಡು ಫೋನ್ ಇಟ್ಟುಕೊಂಡು ಇಬ್ಬಿಬ್ಬರನ್ನು ಬೇರೆ ಬೇರೆಯಾಗಿ ಧ್ವನಿಮುದ್ರಿಸಿ, ಒಂದು ಎಡಕ್ಕೆ, ಒಂದು ಬಲಕ್ಕೆ. ಶುರುವಿನಲ್ಲಿ ಒಂದು ಚಪ್ಪಾಳೆ ಹೊಡೆದರೆ ಆಮೇಲೆ ಎರಡನ್ನೂ ಹೊಂದಿಸುವುದು ಸುಲಭ. ಮುಗಿದ ಮೇಲೆ ಪ್ರತಿಯೊಬ್ಬರೂ ತಮ್ಮ ಕಡೆಯ ಚಾನಲ್ ಮುಚ್ಚಿ, ಎದುರಿನ ಚಾನಲ್ ಮಾತ್ರ ಕೇಳಿ.